ಬಟಾಣಿ ಕಲಿತ ಪಾಠ

ಮೊದಲ ಭೇಟಿಯಲ್ಲೇ ಅವನ ಅಂಗಿ ಒದ್ದೆಯಾಗಿತ್ತು. ಪ್ರೇಮದಿಂದಲ್ಲ, ನಾಯಿಮರಿಯ ಕೃಪೆಯಿಂದ.

"ಅಯ್ಯಯ್ಯೋ, ಹಿಡ್ಕೊಳ್ರೀ ಇದನ್ನ!" ಎಂದು ಅವನು ಪ್ರಾಣಿಗಳ ಕ್ಲಿನಿಕ್ಕಿನ ಬಾಗಿಲಲ್ಲಿ ಕುಣಿಯುತ್ತಿದ್ದ. ನರ್ಸು ಓಡಿಬಂದು ಮರಿಯನ್ನು ಇಸಿದುಕೊಂಡಳು. ನಗಬಾರದು ಎಂದುಕೊಂಡಳು, ನಕ್ಕೇಬಿಟ್ಟಳು.

"ನಗ್ತೀರಲ್ರೀ! ಎದುರುಗಡೆ ಕಾರ್ಪೆಟ್ ಅಂಗಡಿ ನಂದೇ. ಗಿರಾಕಿಗಳ ಮುಂದೆ ಹೀಗೇ ಹೋಗಿ ನಿಂತ್ಕೊಳ್ಲಾ?"

"ನಿಂತ್ಕೊಳ್ಳಿ. ಬಟ್ಟೆ ಎಷ್ಟು ಬೇಗ ನೀರು ಹೀರುತ್ತೆ ಅಂತ ತೋರಿಸ್ತಿದೀನಿ ಅನ್ನಿ."

ಅವನು ಆಗ ಅವಳನ್ನು ನೋಡಿದ. ಮೊದಲು ಕೈ, ಆಮೇಲೆ ಕೆನ್ನೆಗೆ ಅಂಟಿದ್ದ ಬೆಕ್ಕಿನ ಕೂದಲು, ಆಮೇಲೆ ಕಣ್ಣು. ಕಣ್ಣಲ್ಲಿ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತ. ಯಾವ ಗಿರಾಕಿ ಕೊಳ್ಳುತ್ತಾಳೆ, ಯಾವಳು ಬರೀ ಮುಟ್ಟಿ ನೋಡಿ ಹೋಗುತ್ತಾಳೆ ಎಂದು ಅಂಗಡಿಯವರು ಅಳೆಯುವುದು ಹೀಗೇ. ಪಾಪ, ಅವಳು ಯಾವತ್ತೂ ಅಂಗಡಿ ಇಟ್ಟವಳಲ್ಲ.

"ಹೊಸ ಮನೆ ರೆಡಿ ಆಗ್ತಿದೆ. ಮೂಲೆ ಮೂಲೆಗೂ ಕಾರ್ಪೆಟ್ಟು. ಅಲ್ಲಿಗೆ ಹೋಗೋಷ್ಟರಲ್ಲಿ ಇದಕ್ಕೆ ಬುದ್ಧಿ ಬಂದಿರ್ಬೇಕು," ಎಂದ. "ನೀವು ಕಲಿಸ್ತೀರಾ, ಟೀಚರಮ್ಮ?"

ಆ 'ಟೀಚರಮ್ಮ' ಎಂಬ ಮಾತಿಗೆ ಅವಳು ಬಿದ್ದಳು.

ಮನೆಯಲ್ಲಿ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ದಿನವಿಡೀ ಮಾಡೋ ನಾಯಿಚಾಕರಿ ಸಾಲ್ದು ಅಂತ ಮನೆಗೂ ತಂದ್ಯಾ?" ಆದರೆ ಮರಿ ದುಂಡಗಿತ್ತು, ನಿಲ್ಲಿಸಿದಲ್ಲಿ ನಿಲ್ಲದೆ ಉರುಳುತ್ತಿತ್ತು. ಬಟಾಣಿ ಎಂದು ಹೆಸರಿಟ್ಟವಳೂ ಚಿಕ್ಕಮ್ಮನೇ.

ಬಾಲ್ಕನಿಯ ಬಾಗಿಲ ಬಳಿ ಹಳೇ ಪೇಪರು ಹಾಸಿತ್ತು. ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಸುಸ್ತಾದ ಕೂಡಲೇ ಎತ್ತಿಕೊಂಡು ಹೋಗಿ ಪೇಪರಿನ ಮೇಲೆ ಬಿಡುವುದು. ಅಲ್ಲೇ ಮಾಡಿದರೆ "ಜಾಣೆ!" ಎಂದು ಚೂರು ಬಿಸ್ಕತ್ತು. ಬೇರೆಲ್ಲಾದರೂ ಮಾಡಿದರೆ ಬೈಗುಳವಿಲ್ಲ, ಸುಮ್ಮನೆ ಒರೆಸುವುದು.

ಸಂಜೆ ಅಂಗಡಿ ಮುಚ್ಚಿ ಅವನು ಬರುತ್ತಿದ್ದ. ಮೆಟ್ಟಿಲಲ್ಲಿ ಅವನ ಶಿಳ್ಳೆ ಕೇಳಿದರೆ ಮರಿ ಬಾಲ ಅಲ್ಲಾಡಿಸುತ್ತಿತ್ತು, ಅವಳು ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

"ತಪ್ಪು ಮಾಡಿದಾಗ ಎರಡು ಬಿಟ್ರೆ ಬೇಗ ಕಲಿಯಲ್ವಾ?" ಎಂದು ನೆಲದ ಮೇಲೆ ಅವಳ ಪಕ್ಕಕ್ಕೇ ಕೂತು ಕೇಳಿದ.

"ಹೊಡೆದ್ರೆ ಯಾವ್ದು ತಪ್ಪು ಅಂತ ಕಲಿಯಲ್ಲ. ಹೊಡೆದ ಕೈ ಯಾರ್ದು ಅಂತ ಕಲಿಯುತ್ತೆ. ಇನ್ನೊಂದು ವಿಷಯ, ಎಳೇದ್ರಲ್ಲಿ ಕಾಲಡಿ ಏನು ಸಿಗುತ್ತೋ ಅದೇ ಇದಕ್ಕೆ ಬಚ್ಚಲು. ಪೇಪರಾದ್ರೆ ಪೇಪರು, ಹುಲ್ಲಾದ್ರೆ ಹುಲ್ಲು. ಆಮೇಲೆ ಬಿಡಿಸೋದು ಕಷ್ಟ. ಕೇಳಿಸ್ಕೊಳ್ತಿದೀರಾ?"

"ಇಲ್ಲ."

"ಮತ್ತೆ?"

"'ಕಷ್ಟ' ಅನ್ನುವಾಗ ನಿಮ್ಮ ಮೂಗು ಹೀಗೆ ಸುಕ್ಕಾಗುತ್ತಲ್ಲ, ಅದನ್ನ ನೋಡ್ತಿದ್ದೆ. ಇನ್ನೊಂದ್ಸಲ ಅನ್ನಿ."

ಅವಳು ಅನ್ನಲಿಲ್ಲ. ಕಿವಿಯವರೆಗೂ ಕೆಂಪಾದಳು.

ಒಂದು ಸಂಜೆ ಕಾರ್ಪೆಟ್ಟಿನ ತುಂಡುಗಳನ್ನು ತಂದು ನೆಲದ ಮೇಲೆ ಸಾಲಾಗಿ ಹಾಸಿದ. "ಮಲಗೋ ಕೋಣೆಗೆ ಯಾವುದು? ಚಪ್ಪಲಿ ಬಿಟ್ಟು, ಕಣ್ಮುಚ್ಚಿ, ಕಾಲಿಟ್ಟು ಹೇಳಿ." ಬೀಳದಂತೆ ಮೊಣಕೈ ಹಿಡಿದುಕೊಂಡ. ಕಣ್ಣು ಮುಚ್ಚಿ ಒಂದೊಂದರ ಮೇಲೂ ಕಾಲಿಟ್ಟು ಹೋದವಳು ಕೆನೆಬಣ್ಣದ ಉಣ್ಣೆಯ ಮೇಲೆ ನಿಂತುಬಿಟ್ಟಳು.

"ಇದು."

"ನಾನೂ ಇದನ್ನೇ ಅಂದ್ಕೊಂಡಿದ್ದೆ," ಎಂದು ಕಿವಿಯ ಹತ್ತಿರ ಹೇಳಿದ. ಆ ತುಂಡನ್ನು ಅವಳಿಗೇ ಬಿಟ್ಟುಹೋದ. ಅವಳು ಅದನ್ನು ಮಂಚದ ಪಕ್ಕ ಹಾಸಿಕೊಂಡಳು. ದಿನಾ ಬೆಳಿಗ್ಗೆ ಮೊದಲ ಕಾಲು ಅದರ ಮೇಲೇ ಇಡುತ್ತಿದ್ದಳು, ಅಭ್ಯಾಸವಾಗಲಿ ಎಂದು.

"ಬಾಯಿಬಿಟ್ಟು ಏನಾದ್ರೂ ಹೇಳಿದಾನೇನೇ ಅವನು?" ಎಂದಳು ಚಿಕ್ಕಮ್ಮ.

"ಎಲ್ಲಾ ಬಾಯಲ್ಲೇ ಹೇಳ್ಬೇಕಾ ಚಿಕ್ಕಮ್ಮಾ?"

"ಹೂಂ ಕಣೇ. ಬಾಯಿ ಇರೋದೇ ಅದಕ್ಕೆ."

ಆಮೇಲೆ ಒಂದು ಭಾನುವಾರ ಅವನು ಒಬ್ಬ ಹುಡುಗಿಯ ಕೈ ಹಿಡಿದು ಬಂದ. ಹಲ್ಲಿನ ಡಾಕ್ಟರಂತೆ. ಅದಕ್ಕೆ ತಕ್ಕಂತೆ ಅವಳ ನಗುವೂ ಚೆನ್ನಾಗಿತ್ತು.

"ಟೀಚರಮ್ಮ, ಬಟಾಣಿಯ ಒಡತಿ ಇವಳೇ. ಸರ್‌ಪ್ರೈಸ್ ಕೊಡೋಣ ಅಂತಿದ್ದೆ, ತಡ್ಕೊಳ್ಳಕ್ಕಾಗ್ಲಿಲ್ಲ. ಮುಂದಿನ ತಿಂಗಳು ಮದುವೆ. ಅಲ್ಲೀವರೆಗೂ ಇದು ನಿಮ್ಮ ಹತ್ರಾನೇ ಇರ್ಲಿ."

ಡಾಕ್ಟರು ಮರಿಯನ್ನು ಎದೆಗೊತ್ತಿಕೊಂಡಳು. "ಅಕ್ಕಾ, ನಿಮ್ಮ ಬಗ್ಗೆ ದಿನಾ ಹೇಳ್ತಾರೆ! ನಮ್ಮ ಬೆಡ್‌ರೂಮಿನ ಕಾರ್ಪೆಟ್ಟೂ ನೀವೇ ಆರಿಸಿದ್ದಂತೆ. ಎಷ್ಟು ಮೆತ್ತಗಿದೆ ಗೊತ್ತಾ!"

ಆ ಹುಡುಗಿಯ ಮಾತಲ್ಲಿ ಒಂದಿಷ್ಟೂ ವಿಷವಿರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು. ಅವಳ ಭುಜದ ಹಿಂದಿನಿಂದ ಅವನು ನರ್ಸಿಗೆ ಕಣ್ಣು ಹೊಡೆದ. ಅಷ್ಟು ದಿನದ ಸಂಜೆಗಳೆಲ್ಲ ಅವನಿಗೆ ಹೊತ್ತು ಕಳೆಯುವ ಆಟ ಎಂದು ಅವಳಿಗೆ ಅರ್ಥವಾದದ್ದು ಆ ಕಣ್ಣಿನಿಂದ. ನೆಲ ಬಾಯಿಬಿಡಬಾರದೇ ಎನಿಸಿತು. ನೆಲಕ್ಕೂ ಕರುಣೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಪೇಪರು ತೆಗೆದು, ಅದೇ ಜಾಗದಲ್ಲಿ ಕೆನೆಬಣ್ಣದ ಕಾರ್ಪೆಟ್ ತುಂಡು ಹಾಸಿದಳು.

ಬಟಾಣಿ ಮೂಸಿತು. ಪೇಪರೆಲ್ಲಿ ಎಂದು ಸುತ್ತ ಹುಡುಕಿತು. ಅವಳ ಮುಖ ನೋಡಿತು.

"ಹೋಗು," ಎಂದಳು ನರ್ಸು.

ಮರಿ ಅನುಮಾನಿಸುತ್ತಲೇ ಕೂತು ಮಾಡಿತು.

"ಜಾಣೆ!" ಎಂದು ಇಡೀ ಬಿಸ್ಕತ್ತು ಕೊಟ್ಟಳು.

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದೀಯಲ್ಲೇ."

"ಬರೆ ಎಲ್ಲಿ ಹಾಕಿದೆ? ಬಿಸ್ಕತ್ತು ಕೊಡ್ತಿದೀನಿ."

ಮದುವೆಯ ಹೊತ್ತಿಗೆ ಬಟಾಣಿ ಪಾಠ ಪೂರ್ತಿ ಕಲಿತಿತ್ತು. ಪೇಪರು ಮರೆತಿತ್ತು, ತುಂಡನ್ನು ತೊಳೆದು ಬಾಲ್ಕನಿಯಲ್ಲಿ ಒಣಹಾಕಿದರೆ ಬಾಗಿಲು ಗೀರಿ ಕೇಳುತ್ತಿತ್ತು. ಅವನು ಕರೆದುಕೊಂಡು ಹೋಗಲು ಬಂದಾಗ ಅವಳು ಮರಿಯ ಎರಡು ಕಿವಿಗಳ ನಡುವೆ ಮುತ್ತಿಟ್ಟಳು. ತುಂಬಾ ದಿನಗಳ ಮೇಲೆ ಅವತ್ತು ಅವಳಿಗೆ ಹಸಿವಾಯಿತು.

ಅವರು ಹೊಸ ಮನೆ ಸೇರಿದ ಮೇಲೆ ಒಂದು ಸಂಜೆ ಮೆಟ್ಟಿಲಲ್ಲಿ ಶಿಳ್ಳೆ ಕೇಳಿಸಿತು. ಅವನ ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಬಟಾಣಿ.

"ಇದಕ್ಕೇನೋ ದೆವ್ವ ಹಿಡಿದಿದೆ ರೀ! ಕಾರ್ಪೆಟ್ ಕಂಡ್ರೆ ಸಾಕು. ಅದೂ ನಮ್ಮ ಮಂಚದ ಪಕ್ಕ, ದಿನಾ! ಮಾಡಿ, ನನ್ನ ಮುಖ ನೋಡಿ ಬಾಲ ಬೇರೆ ಅಲ್ಲಾಡ್ಸುತ್ತೆ!"

ಅವಳ ಒಳಗೆ ನಗು ಉಕ್ಕಿತು. ಇಷ್ಟು ಸಿಹಿಯಾದ ಮಾತು ಅವನು ಯಾವತ್ತೂ ಹೇಳಿರಲಿಲ್ಲ.

"ನಾನು ಹೊಡೀತೀನಿ, ಅವಳು ಅಳ್ತಾಳೆ, ಇದು ಮತ್ತೆ ಅಲ್ಲೇ ಹೋಗುತ್ತೆ," ಎನ್ನುತ್ತಾ ಅವನು ಹಣೆಯ ಕೂದಲು ಸರಿಸಲು ಕೈ ಎತ್ತಿದ. ಕೈ ಎತ್ತಿದನಷ್ಟೇ. ಪೆಟ್ಟಿಗೆಯೊಳಗೆ ಮರಿ ಚಪ್ಪಟೆಯಾಗಿ ಬಿದ್ದು ಕಣ್ಣು ಮುಚ್ಚಿಕೊಂಡಿತು.

ಅವಳ ನಗು ಅಲ್ಲೇ ಸತ್ತಿತು. ಮೊಣಕಾಲೂರಿ ಕೂತು, ಕ್ಲಿನಿಕ್ಕಿನಲ್ಲಿ ಮಾಡುವಂತೆ, ಬೆರಳುಗಳಿಂದ ಪಕ್ಕೆ ಮುಟ್ಟುತ್ತಾ ಹೋದಳು. ಒಂದು ಕಡೆ ಮರಿ ಕಿರುಚಿತು. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿ, ಬಿಸ್ಕತ್ತಿಗೆಂದು ಮುಖ ನೋಡಿದ್ದಕ್ಕೆ ಬಿದ್ದ ಏಟು ಅದು.

"ಕಾರ್ಪೆಟ್ ಮೇಲೆ ಹೋಗು ಅಂತ ಕಲಿಸಿದ್ದು ನಾನೇ," ಎಂದಳು ತಲೆ ಎತ್ತದೆ.

"ಏನು?"

"ಎಳೇದ್ರಲ್ಲಿ ಕಲಿತಿದ್ದು ಬಿಡಲ್ಲ ಅಂತ ನಿಮಗೆ ಹೇಳಿದ್ದೆ."

"ಯಾವಾಗ?"

"ನೀವು ನನ್ನ ಮೂಗು ನೋಡ್ತಿದ್ದಾಗ."

"ಯಾಕ್ರೀ ಹೀಗ್ಮಾಡಿದ್ರಿ?"

"ನಿಮ್ಮನ್ನ ಪ್ರೀತಿಸ್ತಿದ್ದೆ. ಆ ಕೋಣೇಲಿ ನಾನೇ ಇರ್ತೀನಿ ಅಂದ್ಕೊಂಡಿದ್ದೆ. ಅದಕ್ಕೆ."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ನಕ್ಕ. ಹೊಸ ಅಂಗಿಯನ್ನು ಯಾರೋ ಹೊಗಳಿದಂತೆ ನಕ್ಕ.

"ನನಗೋಸ್ಕರ ಇಷ್ಟೊಂದಾ! ಹೇಳಿದ್ರೆ ಆಗ್ತಿರ್ಲಿಲ್ವಾ ಟೀಚರಮ್ಮ? ಮದುವೆ ಆದ್ರೇನಂತೆ, ಅಂಗಡಿ ಮುಚ್ಚಿ ಬರ್ತೀನಿ. ಮೊದಲಿನ ಥರಾನೇ." ಅವಳ ಕೆನ್ನೆಯ ಮೇಲಿನ ಕೂದಲನ್ನು ಬೆರಳಿನಿಂದ ಕಿವಿಯ ಹಿಂದೆ ಸರಿಸಿದ.

ನಾಚಿಕೆಗೇಡು, ಅವಳ ಕೆನ್ನೆ ಆ ಬೆರಳಿಗೆ ಒರಗಿತು.

ಅವನು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಶಿಳ್ಳೆ ಹಾಕುತ್ತಾ ಇಳಿದುಹೋದ. ಬಟಾಣಿ ಕುಂಟುತ್ತಾ ಪೆಟ್ಟಿಗೆಯಿಂದ ಹೊರಬಂತು. ಮೂಲೆಯಲ್ಲಿ ತೊಳೆದಿಟ್ಟಿದ್ದ ಆ ತುಂಡನ್ನು ಕಂಡು, ಅದರ ಮೇಲೆ ಹೋಗಿ ಕೂತು ಮಾಡಿತು. ಬಾಲ ಅಲ್ಲಾಡಿಸಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ನೆಲಕ್ಕೆ ಅಂಟಿಕೊಂಡಿತು. ಬರುವುದು ಬಿಸ್ಕತ್ತೋ ಏಟೋ ಅದಕ್ಕೆ ತಿಳಿಯಲಿಲ್ಲ.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಚಿಕ್ಕಮ್ಮ ಎದ್ದು ಬಂದಳು. ಆ ತುಂಡನ್ನು ಎತ್ತಿಕೊಂಡು ಹೋಗಿ ಕಸದ ತೊಟ್ಟಿಗೆ ಹಾಕಿ ಬಂದಳು.

ಮರುದಿನ ಸಂಜೆ ಮತ್ತೆ ಶಿಳ್ಳೆ.

ಅವಳು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಒಂದು ಕೈ ಕೂದಲಿಗೆ ಹೋಗಿತ್ತು, ಇನ್ನೊಂದು ಚಿಲಕದ ಮೇಲಿತ್ತು. ಹಿಂದೆ ತಿರುಗಿ ನೋಡಿದಳು. ಬಟಾಣಿ ಇರಲಿಲ್ಲ. ಮಂಚದಡಿಯ ಕತ್ತಲಲ್ಲಿ ಎರಡು ಕಣ್ಣು ಮಾತ್ರ ಇದ್ದವು.

"ಟೀಚರಮ್ಮ..." ಬಾಗಿಲಾಚೆ ಅದೇ ದನಿ. "ಮೂಗು ಸುಕ್ಕು ಮಾಡ್ಕೊಂಡು ನಿಂತಿದೀರಾ? ನನಗೆ ಇಲ್ಲಿಂದಾನೇ ಕಾಣಿಸ್ತಿದೆ."

ಎಷ್ಟು ಚೆನ್ನಾಗಿ ಮಾತಾಡುತ್ತಾನೆ, ಹಾಳಾದವನು! ಅವಳಿಗೆ ಅವನು ಬೇಕಿತ್ತು. ಈ ಗಳಿಗೆಯಲ್ಲೂ ಬೇಕಿತ್ತು. ಚಿಲಕದಿಂದ ಕೈ ತೆಗೆಯುವಷ್ಟು ಕಷ್ಟದ ಕೆಲಸವನ್ನು ಅವಳು ಜೀವನದಲ್ಲಿ ಬೇರೆ ಮಾಡಿರಲಿಲ್ಲ. ತೆಗೆದಳು. ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತು, ಕೈಯನ್ನು ಒಳಗೆ ಚಾಚಿ ಸುಮ್ಮನೆ ಇಟ್ಟಳು.

ಅವನು ಬಾಗಿಲು ಬಡಿದ. ಮರಿ ಇದ್ದಲ್ಲೇ ಹೆದರಿ ಒದ್ದೆ ಮಾಡಿತು. ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆಗಳು ಇಳಿದುಹೋದವು. ಈ ಸಲ ಶಿಳ್ಳೆ ಇರಲಿಲ್ಲ.

"ನಾಳೆನೂ ಬರ್ತಾನೆ ನೋಡು," ಎಂದಳು ಚಿಕ್ಕಮ್ಮ ಒರೆಸುವ ಬಟ್ಟೆ ಕೊಡುತ್ತಾ.

"ಬರಲಿ."

ಅವಳು ಮಂಚದಡಿ ಬಗ್ಗಿ ನೆಲ ಒರೆಸಿದಳು. ಬಟಾಣಿ ಅವಳ ಕೈಯನ್ನೇ ನೋಡುತ್ತಿತ್ತು. "ಏನೂ ಆಗಿಲ್ಲ ಕಣೇ. ಮತ್ತೆ ಪೇಪರಿಂದ ಶುರುಮಾಡೋಣ, ನೀನೂ, ನಾನೂ," ಎಂದಳು. "ಬಿಡಿಸೋದು ಸ್ವಲ್ಪ ಕಷ್ಟ, ಅಷ್ಟೇ."

ಹಾಗೆನ್ನುವಾಗ ಅವಳ ಮೂಗು ಸುಕ್ಕಾಯಿತು. ಅದನ್ನು ನೋಡಲು ಮರಿಯ ಹೊರತು ಅಲ್ಲಿ ಯಾರೂ ಇರಲಿಲ್ಲ.