ಓದದೆ ಬಿಟ್ಟ ಸಾಲು

"'ಇಷ್ಟು ವರ್ಷ ಎಲ್ಲಿದ್ದೆ? ರಾಣಿ ನಗುತ್ತಾಳೆ.'" ಆರುಮುಗಂ ಓದಿ, ವನಿತಾಳ ಮುಖವನ್ನೇ ನೋಡುತ್ತ ಕಾದ.

"ಏನ್ರೀ?"

"ನಗ್ಬೇಕು ಮೇಡಂ. ಬ್ರಾಕೆಟ್ಟಲ್ಲಿ ಬರ್ದವ್ರೆ."

ಅವಳಿಗೆ ನಿಜಕ್ಕೂ ನಗು ಬಂತು. ಬ್ರಾಕೆಟ್ಟಿನೊಳಗಿನ ಸೂಚನೆಯನ್ನು ಬಾಯಿಬಿಟ್ಟು ಓದಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು ಎಂದು ಹೊಳೆದದ್ದು ಆಮೇಲೆ.

ಕಾಲೇಜಿನ ದಿನಗಳಿಂದ ಅವಳು ಮತ್ತೆ ಮತ್ತೆ ಓದಿದ್ದ ಮಾಯಾಲೋಕದ ಏಳು ಸಂಪುಟಗಳ ಕಥೆ ಈಗ ಮುಂದುವರಿದಿತ್ತು, ನಾಟಕದ ಪುಸ್ತಕವಾಗಿ. ಒಬ್ಬಳೇ ಓದಿದಾಗ ಸಪ್ಪೆ ಎನಿಸಿತ್ತು. ಬರೀ ಮಾತು, ಹಾರುವ ಕುದುರೆಗೂ ಒಂದೇ ಸಾಲು. "ನಾಟಕ ಬಾಯಲ್ಲಿ ಓದ್ಬೇಕು" ಎಂದವನು ದಿನಾ ಅದೇ ಟ್ರೈನಿಗೆ ಬರುತ್ತಿದ್ದ ಆರುಮುಗಂ. ಚಿನ್ನದ ಮೈನ್ಸ್ ಇದ್ದಾಗ ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಗಳ ಮುಂದೆ ನಾಟಕದ ವೇಷ ಕಟ್ಟಿದ್ದವನು, ಈಗ ಬಂಗಾರಪೇಟೆಯಲ್ಲಿ ವಾಚ್ ರಿಪೇರಿ ಮಾಡುವವನು. ಅಂದಿನಿಂದ ಬೆಳಗಿನ ಟ್ರೈನಿನಲ್ಲಿ ಎದುರುಬದುರು ಸೀಟು, ಕೈಯಿಂದ ಕೈಗೆ ಹೋಗುವ ಒಂದೇ ಪುಸ್ತಕ; ರಾಣಿಯ ಮಾತು ಅವಳದು, ಉಳಿದವರದು ಅವನದು.

ಕಥೆಯ ರಾಣಿಗೂ ಈಗ ನಲವತ್ತೈದು. ಆದರೆ ಅವಳನ್ನು ಯಾರೂ 'ಗಂಡ ಇಲ್ಲದವಳು' ಎನ್ನುತ್ತಿರಲಿಲ್ಲ.

ಮೂರನೇ ವಾರ ಅಣ್ಣ ವಿಜಯಕುಮಾರ್ ಅದೇ ಬೋಗಿ ಹತ್ತಿ ವನಿತಾಳ ಪಕ್ಕದಲ್ಲಿ ಕೂತ. ಸುದ್ದಿ ಅವನಿಗೂ ಮುಟ್ಟಿತ್ತು.

"ಏನಮ್ಮಾ ಇದು? ಈ ವಯಸ್ಸಲ್ಲಿ ಮಕ್ಕಳ ಕತೆ, ಅದೂ ಈವಯ್ಯನ ಜೊತೆ! ನಾಳೆಯಿಂದ ಬಸ್ಸಲ್ಲಿ ಓಗು."

"ಇವತ್ತು ಕೊನೇ ಅಂಕ ಅಣ್ಣಾ. ಸುಮ್ನೆ ಕೇಳು."

ಆರುಮುಗಂ ಅರ್ಧ ಎದ್ದ. "ನಾನು ಆ ಬೋಗಿಗೆ..."

"ಓದಿ," ಎಂದು ಅವಳು ಪುಸ್ತಕ ಕೊಟ್ಟಳು.

ಅವನು ತಗ್ಗಿದ ದನಿಯಲ್ಲಿ ಓದಿದ. "'ದೋಣಿ ಕಾಯ್ತಾ ಇದೆ. ನೀನು ಹೇಳಿದರೆ ಹೊರಟುಹೋಗ್ತೀನಿ.'" ಪುಸ್ತಕ ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಒಂದು ಸಾಲು ಬಿಟ್ರಿ."

ಅವನು ಅಣ್ಣನತ್ತ ನೋಡಿ, ಕನ್ನಡಕ ಸರಿಮಾಡಿಕೊಂಡ. "ಅದು ಮಾತಲ್ಲ ಮೇಡಂ. ಬ್ರಾಕೆಟ್ಟು."

"ಮೊದಲನೇ ದಿನ ಓದಿದ್ರಲ್ಲ? ಓದಿ. ಜೋರಾಗಿ."

ಪಕ್ಕದ ಸೀಟಿನ ಹೂವಿನ ಬುಟ್ಟಿಯ ಹೆಂಗಸೂ ಹೂ ಕಟ್ಟುವುದನ್ನು ನಿಲ್ಲಿಸಿದಳು.

"'ರಾಣಿ ಎದ್ದು ಬಂದು ಅವನ ಪಕ್ಕದಲ್ಲಿ ಕೂರುತ್ತಾಳೆ.'"

ವನಿತಾ ಎದ್ದಳು. ಅಣ್ಣ ಅವಳ ಬ್ಯಾಗಿನ ಪಟ್ಟಿ ಹಿಡಿದ. "ಜನ ನೋಡ್ತಾವ್ರೆ ಕಣಮ್ಮ!"

"ನೋಡ್ಲಿ. ನಾಟಕ ಇರೋದೇ ನೋಡೋಕೆ."

ಬ್ಯಾಗನ್ನು ಅವನ ಕೈಯಲ್ಲೇ ಬಿಟ್ಟಳು. "ಸ್ವಲ್ಪ ಸರೀರಿ," ಎಂದು ಆರುಮುಗಂ ಪಕ್ಕದಲ್ಲಿ ಕೂತಳು. ಪುಸ್ತಕ ಇಬ್ಬರ ಮಡಿಲ ಮೇಲೂ ಹರಡಿಕೊಂಡಿತು. ಅದನ್ನು ಹಿಡಿದಿದ್ದ ಅವನ ಬೆರಳು, ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುವ ಬೆರಳು, ಆ ಬ್ರಾಕೆಟ್ಟಿನ ಮೇಲೇ ಇತ್ತು.

ಅವಳು ಪುಟ ನೋಡಲಿಲ್ಲ. ಅವನನ್ನೇ ನೋಡಿ ಹೇಳಿದಳು: "'ಎಲ್ಲೂ ಹೋಗಬೇಡ.'"

"ಅದು ಪುಸ್ತಕದಲ್ಲಿದೆಯಾ?" ಅಣ್ಣ ಬ್ಯಾಗ್ ಹಿಡಿದುಕೊಂಡೇ ಕೇಳಿದ.

"ಇದೆ ಅಣ್ಣಾ. ನಾನೂ ಅದನ್ನೇ ಹೇಳ್ತಿದ್ದೀನಿ."