ಆರನೇ ಮನೆಯ ಮೂರನೇ ಕೀಲಿ

ಥಾರ್ನ್‌ಬೆಕ್ ಠಾಣೆಗೆ ದೂರು ಬಂದದ್ದು ೨೦೧೯ರ ಮಾರ್ಚ್ ತಿಂಗಳ ಒಂದು ಭಾನುವಾರ, ಸಂಜೆ ಐದರ ಹೊತ್ತಿಗೆ. ಫೋನಿನಲ್ಲಿದ್ದವಳು ಲೈಲಾಕ್ ಕ್ಲೋಸಿನ ಆರನೇ ನಂಬರಿನ ಟ್ಯಾಮ್ಸಿನ್ ಓಕ್ಸ್. "ಯಾರೋ ನಮ್ಮ ಮನೇನ ನೀರಲ್ಲಿ ಮುಳುಗಿಸಿದ್ದಾರೆ" ಎಂದವಳು ಫೋನನ್ನು ಗಂಡನ ಕೈಗೆ ಕೊಟ್ಟಳು.

ಸಾರ್ಜೆಂಟ್ ಮೋರಿನ್ ರಡ್ಜ್ ಕಾನ್‌ಸ್ಟೆಬಲ್ ಪೈಕ್‌ನನ್ನು ಕರೆದುಕೊಂಡು ಹೊರಟಳು. ಲೈಲಾಕ್ ಕ್ಲೋಸ್ ಎಂಟೇ ಮನೆಗಳ, ಕೊನೆ ಮುಚ್ಚಿದ ಬೀದಿ. ಎರಡೆರಡು ಮನೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಪೊಲೀಸ್ ಕಾರು ತಿರುಗುತ್ತಿದ್ದಂತೆ ಎಲ್ಲ ಕಿಟಕಿಗಳ ಪರದೆಗಳೂ ಒಂದು ಬೆರಳಿನಷ್ಟು ಸರಿದವು.

ಆರನೇ ಮನೆಯ ಹಜಾರದ ಸೀಲಿಂಗ್ ಕಳಚಿ ಮೆಟ್ಟಿಲ ಮೇಲೆ ಬಿದ್ದಿತ್ತು. ಕಾರ್ಪೆಟ್ ಕೆಸರುಗದ್ದೆಯಂತಾಗಿತ್ತು. ಗಂಡ ಹೆಂಡತಿ ಶುಕ್ರವಾರ ಬೆಳಿಗ್ಗೆ ಅವನ ತಾಯಿಯ ಊರಿಗೆ ಹೋಗಿ ಈಗಷ್ಟೇ ಮರಳಿದ್ದರು. ಪೈಕ್ ಮಹಜರು ಬರೆಯುತ್ತ ಹೋದ: ಮುಂಬಾಗಿಲು, ಹಿಂಬಾಗಿಲು ಭದ್ರ. ಕಿಟಕಿ ಒಡೆದಿಲ್ಲ. ಏನೂ ಕಳವಾಗಿಲ್ಲ. ಮೇಲಿನ ಸ್ನಾನದ ತೊಟ್ಟಿಯ ಬಿರಡೆ ಹಾಕಿದೆ, ಹೆಚ್ಚಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿದೆ, ಎರಡೂ ನಲ್ಲಿ ಪೂರ್ತಿ ತಿರುಗಿಸಿದೆ.

"ತಿರುಗಿಸಿದೆ, ಆದ್ರೆ ನೀರು ಬರ್ತಿಲ್ಲವಲ್ಲ" ಎಂದಳು ರಡ್ಜ್. "ಇಡೀ ಮನೆಗೆ ನೀರು ಬಿಡೋ ಮೇನ್ ವಾಲ್ವ್ ಯಾರು ಮುಚ್ಚಿದ್ರು?"

ಟ್ಯಾಮ್ಸಿನ್ ಗಂಡನ ಮುಖ ನೋಡಿದಳು. "ಅದೆಲ್ಲಿದೆ ಅನ್ನೋದೇ ನಮಗೆ ಗೊತ್ತಿಲ್ಲ."

"ನಾಲ್ಕು ತಿಂಗಳಿಂದ ಇಲ್ಲೇ ಇದ್ದೀರಿ."

"ಕೊಳ್ಳೋ ಮುಂಚೆ ಎರಡು ಸಲ ಬಂದು ನೋಡಿದ್ವಿ, ಒಂದೊಂದು ಸಲ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಯಾರು ಪೈಪು ನೋಡ್ತಾರೆ?"

ಒಂದು ಜೊತೆ ಬೂಟು ಕೊಳ್ಳಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದುಕೊಂಡಳು ರಡ್ಜ್. ಪ್ಲಂಬರ್ ಬಂದು ಅಡುಗೆಮನೆಯ ಸಿಂಕಿನ ಕೆಳಗೆ ತಡಕಿದ, ಸಿಗಲಿಲ್ಲ. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಒಂದು ಹಲಗೆಯ ಹಿಂದೆ ಕಂಡಿತು. ಬಿಗಿಯಾಗಿ ಮುಚ್ಚಿತ್ತು.

"ಕೀಲಿ ಯಾರ ಹತ್ರ ಇದೆ?"

"ಮೂರಿವೆ. ನಮ್ಮಿಬ್ಬರ ಹತ್ರ ಎರಡು. ಇನ್ನೊಂದು ಪಕ್ಕದ ಮನೆ ಬೆರಿಲ್ ಹತ್ರ. ಅಯ್ಯೋ, ಅವರ ಮೇಲೆ ಅನುಮಾನ ಪಡಬೇಡಿ! ನಾವು ಬಂದ ದಿನ ಬಿಸಿಬಿಸಿ ಪೈ ಮಾಡ್ಕೊಂಡು ಬಂದ್ರು. ನಾನು ಅವರನ್ನ ಅಮ್ಮನ ಹಾಗೆ ನೋಡ್ತೀನಿ. ನೀವು ಎದುರುಮನೆ ಸ್ಟಾಬರ್ಟ್‌ನ ಕೇಳಿ. ಕಾರು ನಿಲ್ಲಿಸೋ ಜಾಗಕ್ಕೆ ದಿನಾ ಜಗಳ."

ನಾರ್ಮನ್ ಸ್ಟಾಬರ್ಟ್ ಅಂಗಿಯ ಮೇಲೆ ಏಪ್ರನ್ ತೊಟ್ಟೇ ಬಾಗಿಲು ತೆರೆದ. ಎಪ್ಪತ್ತರ ಮೇಲಿನ ವಯಸ್ಸು.

"ನಾನೇ ಮಾಡಿದ್ದು ಅಂದ್ಲಾ ಆ ಹುಡುಗಿ?"

"ಜಗಳ ಇತ್ತಂತೆ."

"ಇತ್ತು. ಅವಳ ಮುಖಕ್ಕೇ ಬೈದಿದ್ದೀನಿ. ಆದ್ರೆ ಪೊಲೀಸರವರೆಗೂ ಹೋಗೋಕೆ ನನಗೇನು ಹುಚ್ಚಾ? ಇಲ್ಲಿ ಅಕ್ಕಪಕ್ಕದ ಜಗಳ ಇದೆ ಅಂದ್ರೆ, ಮನೆ ಮಾರುವಾಗ ಕಾನೂನು ಪ್ರಕಾರ ಕೊಳ್ಳೋರಿಗೆ ಹೇಳಲೇಬೇಕು. ಹೇಳಿದ್ರೆ ಯಾರು ಬರ್ತಾರೆ? ಮುಂದಿನ ವರ್ಷ ನಾನೂ ಮಾರೋನು. ಈಗ ನೀವು ಬಂದು ನಿಂತಿದ್ದೀರಿ, ಇಡೀ ಬೀದಿ ನೋಡ್ತಿದೆ. ಒಳಗಾದ್ರೂ ಬನ್ನಿ!"

"ಆ ಮನೆ ಮೇನ್ ವಾಲ್ವ್ ಎಲ್ಲಿದೆ?"

"ಸಿಂಕಿನ ಕೆಳಗೆ. ಎಲ್ಲಾರ ಮನೇಲೂ ಅಲ್ಲೇ." ಏಪ್ರನ್ನಿಗೆ ಕೈ ಒರೆಸಿಕೊಂಡ. "ಇಲ್ಲ, ಆ ಮನೇಲಿ ಬೇರೆ ಕಡೆ ಹಾಕಿಸಿದ್ರು ಅನ್ಸುತ್ತೆ. ಎಲ್ಲಿ ಅಂತ ಗೊತ್ತಿಲ್ಲ. ಮುಂಚೆ ಇದ್ದ ಐರಿಸ್ ಕಾಟಮ್‌ಗೆ ಪೈಪು ಕೆಲಸ ಎಲ್ಲಾ ಮಾಡಿಕೊಟ್ಟಿದ್ದು ಬೆರಿಲ್ ಗಂಡ ರಾನ್, ತೀರಿಹೋದ ಪುಣ್ಯಾತ್ಮ. ಅವನು ಕೆಲಸ ಮಾಡುವಾಗ ಬೆರಿಲ್ ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ಲು." ದನಿ ತಗ್ಗಿಸಿದ. "ಆ ಮನೆ ಬೆರಿಲ್ ಮಗಳಿಗೆ ಹೋಗಬೇಕಿತ್ತು. ಬೀದಿಗೆಲ್ಲಾ ಗೊತ್ತು."

"ಯಾರೂ ಹೇಳಲಿಲ್ಲ."

"ಯಾರೂ ಕೇಳಲಿಲ್ಲ."

ಏಳೂಕಾಲಕ್ಕೆ ರಡ್ಜ್ ಐದನೇ ಮನೆಯ ಬಾಗಿಲು ತಟ್ಟಿದಳು. ಬೆರಿಲ್ ಹಾಪ್‌ವುಡ್ ಒಳಗೆ ಕರೆದು ಚಹಾಕ್ಕೆ ನೀರಿಟ್ಟಳು. ಅಡುಗೆಮನೆಯ ಗೋಡೆಗೆ ಹಿತ್ತಾಳೆಯ ಕೊಕ್ಕೆಗಳ ಸಾಲು, ಒಂದೊಂದರಲ್ಲೂ ಬೀದಿಯ ಒಂದೊಂದು ಮನೆಯ ಕೀಲಿ. ಆರನೆಯ ಕೊಕ್ಕೆ ಖಾಲಿ.

"ಶುಕ್ರವಾರದಿಂದ ಆ ಮನೆಗೆ ಹೋಗಿದ್ರಾ?"

"ಇಲ್ಲ ಮರಿ. ಸಕ್ಕರೆ ಎಷ್ಟು?"

"ಬೇಡ. ಆರನೇ ಮನೆ ಮೇನ್ ವಾಲ್ವ್ ಎಲ್ಲಿದೆ, ಗೊತ್ತಾ?"

"ಸಿಂಕಿನ ಕೆಳಗೆ ತಾನೆ? ಎಲ್ಲರ ಮನೇಲೂ ಹಾಗೇ."

"ರಾನ್ ಅದನ್ನ ಬೇರೆ ಕಡೆ ಹಾಕುವಾಗ ಟಾರ್ಚ್ ಹಿಡಿದಿದ್ದು ಯಾರು?"

ನೀರು ಕುದಿದು ಕೆಟಲ್ ತಾನೇ ಆರಿತು. ಬೆರಿಲ್ ಕಾರ್ಡಿಗನ್ ಸ್ವೆಟರಿನ ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಅವಳು ಏನನ್ನೂ ಹೇಳಲೇಬೇಕೆಂದಿಲ್ಲ, ಹೇಳಿದ್ದು ಸಾಕ್ಷ್ಯವಾಗುತ್ತದೆ ಎಂದು ರಡ್ಜ್ ಎಚ್ಚರಿಸಿದಳು. ಅದೆಲ್ಲ ಇರಲಿ ಎಂಬಂತೆ ಬೆರಿಲ್ ಕೈ ಬೀಸಿದಳು.

"ಐರಿಸ್ ಈ ಮೇಜಿನ ಹತ್ರಾನೇ ಕೂತು ಕೈ ಹಿಡಿದು ಮಾತು ಕೊಟ್ಲು. ನಿನ್ನ ಜಾನಿಸ್‌ಗೇ ಮನೆ ಅಂದ್ಲು. ಜಾನಿಸ್ ಬಾಡಿಗೆ ಮನೆ ಬಿಟ್ಟಾಯ್ತು, ಪರದೆ ಬಟ್ಟೆ ಕತ್ತರಿಸಾಯ್ತು. ಕಾಗದಕ್ಕೆ ಸಹಿ ಆಗೋ ತನಕ ಮಾತಿಗೆ ಕಾನೂನಲ್ಲಿ ಬೆಲೆ ಇಲ್ವಂತೆ. ಸಹಿಯ ಹಿಂದಿನ ವಾರ ಯಾರೋ ಜಾಸ್ತಿ ಕೊಡ್ತೀವಿ ಅಂದ್ರು. ನನ್ನ ಮೂವತ್ತು ವರ್ಷದ ಗೆಳತಿ, ಒಂದು ಮಾತೂ ಹೇಳದೆ ಮಾರಿ ಸಮುದ್ರದ ಕಡೆ ಹೋದ್ಲು."

"ಆದ್ರೂ ಟ್ಯಾಮ್ಸಿನ್‌ಗೆ ಪೈ ಕೊಟ್ರಿ."

"ಪಾಪ, ಗೊತ್ತಿಲ್ಲದೆ ಕೊಂಡಿದ್ದಾರೆ ಅಂದ್ಕೊಂಡಿದ್ದೆ. ಶುಕ್ರವಾರ ಗಿಡಕ್ಕೆ ನೀರು ಹಾಕಿ ಅಂತ ಹೇಳೋಕೆ ಬಂದ್ಲು. ನಗ್ತಾ ಹೇಳಿದ್ಲು, 'ಇಲ್ಲಿಯವರು ಯಾರಿಗೋ ಮಾತಾಗಿತ್ತಂತೆ ಬೆರಿಲ್, ದಲ್ಲಾಳಿ ನಮ್ಮ ಕಿವೀಲಿ ಹೇಳಿದ. ನಾವು ಒಂಚೂರು ಜಾಸ್ತಿ ದುಡ್ಡು ಹಾಕಿ ಹಾರಿಸಿಬಿಟ್ವಿ' ಅಂತ. ನಾನೂ ನಕ್ಕೆ." ಅವಳು ಗೋಡೆಯತ್ತ ನೋಡಿದಳು. "ಅವರು ಹೋದ ಮೇಲೆ ನಲ್ಲಿ ಬಿಟ್ಟು ಬಂದು ಇಲ್ಲೇ ಕೂತೆ. ಈ ಗೋಡೆಯಲ್ಲಿ ಎಲ್ಲಾ ಕೇಳಿಸುತ್ತೆ. ಸೀಲಿಂಗ್ ಬಿದ್ದ ಶಬ್ದ ಕೇಳಿದಾಗ ಓಡಿದೆ. ಮೆಟ್ಟಿಲು ಹತ್ತೋ ಹಾಗಿರಲಿಲ್ಲ. ಹಲಗೆ ತೆಗೆದು ವಾಲ್ವ್ ಮುಚ್ಚಿದೆ."

"ಯಾಕೆ ಮುಚ್ಚಿದ್ರಿ?"

"ಮನೆ ಏನು ತಪ್ಪು ಮಾಡಿತ್ತು?"

ರಾತ್ರಿ ಎಂಟಕ್ಕೆ ಬಂಧನ ದಾಖಲಾಯಿತು. ಬೆರಿಲ್ ಕೋಟು ತೊಟ್ಟು ಹೊರಬಂದಾಗ ಟ್ಯಾಮ್ಸಿನ್ ಬೇಲಿಯ ಬಳಿ ನಿಂತಿದ್ದಳು.

"ನಿಮ್ಮನ್ನ ನಂಬಿ ಕೀಲಿ ಕೊಟ್ಟಿದ್ದೆ ಬೆರಿಲ್."

"ನಾನೂ ನಂಬಿದ್ದೆ ಮರಿ" ಎಂದಳು ಬೆರಿಲ್. "ಹಾರಿಸಿಬಿಟ್ವಿ ಅಂದ್ಯಲ್ಲ, ಯಾರ ಕೈಯಿಂದ ಅಂತ ಒಂದ್ಸಲ ಕೇಳಬಾರದಿತ್ತಾ?"

ಬೀದಿಯ ಪರದೆಗಳು ಮೆಲ್ಲಗೆ ಮುಚ್ಚಿಕೊಂಡವು.

ಮಂಗಳವಾರ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಲು ಪೈಕ್ ಹೋದಾಗ ಆರನೇ ಮನೆಗೆ ಹೊಸ ಬೀಗ ಕೂರಿಸುತ್ತಿದ್ದರು. ಬೀಗದವನು ಮೂರು ಕೀಲಿ ಕೊಟ್ಟ. ಟ್ಯಾಮ್ಸಿನ್ ಒಂದನ್ನು ಗಂಡನಿಗೆ ಕೊಟ್ಟು, ಒಂದನ್ನು ತಾನಿಟ್ಟುಕೊಂಡಳು. ಮೂರನೆಯದನ್ನು ಹಿಡಿದು ಬೀದಿಯ ಈ ತುದಿಯಿಂದ ಆ ತುದಿಯವರೆಗೂ ನೋಡಿದಳು. ಕೊನೆಗೆ ಅದನ್ನೂ ತನ್ನ ಚೀಲಕ್ಕೇ ಹಾಕಿಕೊಂಡಳು.