ಕಾಂತಿ ಕಳಚಿದ ನಳಿಗೆ

ಬೆಳುವಾಯಿಯ ಕಾಂತಿ, ಮಂಗ ಓಡಿಸುವ ಏರ್‌ಗನ್ನಿನ ತುಕ್ಕು ಹಿಡಿದ ನಳಿಗೆಯನ್ನು ತಾನೇ ಬದಲಿಸಿದಳು. ಮಟಮಟ ಮಧ್ಯಾಹ್ನ ಜಗಲಿಯಲ್ಲಿ ಕೂತು, ಬಂದೂಕು ಮಡಚುವಲ್ಲಿದ್ದ ಪಿನ್ನನ್ನು ಹೊಡೆದು ತೆಗೆದು, ಹೊಸ ನಳಿಗೆ ಕೂರಿಸಿದಳು. ಮೊದಲ ಗುಂಡಿಗೇ ಅಂಗಳದಾಚೆಯ ಡಬ್ಬ ಉರುಳಿತು.

"ಮೂಡಬಿದ್ರೆಯ ಮೆಕ್ಯಾನಿಕ್ಕೇ ಆಗುವುದಿಲ್ಲ ಅಂದಿದ್ದ. ನೀನು ಮಾಡಿಬಿಟ್ಟೆಯಲ್ಲ ಮಾರಾಯ್ತಿ!" ಎಂದ ಗಂಡ ಶಿಶಿರ್. ಕಾಂತಿ ಹೆಮ್ಮೆಯಿಂದ ನಕ್ಕಳು.

ಆಗ ಜಗಲಿಯ ಮೂಲೆಯಲ್ಲಿ ಗೋಣಿಯ ಮೇಲಿಟ್ಟಿದ್ದ ಹಳೇ ನಳಿಗೆ ದೀರ್ಘವಾಗಿ ಉಸಿರು ಬಿಟ್ಟಂತೆ ಸದ್ದಾಯಿತು. ಅವಳು ಮತ್ತೆ ಗುಂಡು ಹೊಡೆದಳು. ಮತ್ತೆ ಉಸಿರು. ಮುಟ್ಟಿದರೆ, ಆ ಬಿಸಿಲಿನಲ್ಲೂ ಕಬ್ಬಿಣ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಎಲ್ಲೋ ಗಾಳಿ ಸೋರುತ್ತಾ ಉಂಟು," ಎಂದ ಶಿಶಿರ್.

"ನಾನು ಕೂರಿಸಿದ್ದು ಸೋರುವುದಿಲ್ಲ," ಎಂದಳು ಕಾಂತಿ.

ಮರುದಿನ ಹಳೇ ನಳಿಗೆ ಗುಜರಿಗೆ ಹೋಯಿತು. ಕಾಂತಿಯ ಗುರಿ ಇವತ್ತಿಗೂ ತಪ್ಪಿಲ್ಲ. ಪ್ರತಿ ಗುಂಡಿನ ಹಿಂದೆಯೇ ಜಗಲಿಯ ಆ ಖಾಲಿ ಮೂಲೆಯಿಂದ ಉಸಿರು ಕೇಳಿಸುವುದೂ ತಪ್ಪಿಲ್ಲ.